ಸಹಮತಿ ಇದೆಯೆಂದು ಭಾವಿಸಲಾಗುವುದು

ಕೀಲಿ ಯಾರ ಹತ್ತಿರ ಇದೆ ಎಂದು ಕೇಳುವುದಕ್ಕೆ ಇಷ್ಟೊಂದು ವಿನಯ ಬೇಕಾಗುತ್ತದೆಂದು ಮಧುಕರ್ ಅಂದುಕೊಂಡಿರಲಿಲ್ಲ. ಕ್ವೀನ್ಸ್ ರಸ್ತೆಯ ಹಿಂಬದಿಯ ಕಟ್ಟಡದ ಎರಡನೆಯ ಮಹಡಿಯಲ್ಲಿ, ನೀರಿನ ಫಿಲ್ಟರಿನ ಪಕ್ಕದ ಕಿಟಕಿಗೆ ಒರಗಿಕೊಂಡು, ಬೆಳಿಗ್ಗೆಯಿಂದ ಅವನು ಒಂದಾದ ಮೇಲೊಂದು ಕಚೇರಿಗೆ ಫೋನ್ ಮಾಡುತ್ತಿದ್ದ. ಪ್ರತಿ ಸಲವೂ ತನ್ನ ಹೆಸರು, ಹುದ್ದೆ, ಸುಸ್ಥಿರ ಅಭಿವೃದ್ಧಿ ಸಮನ್ವಯ ಕೋಶ ಎಂಬ ಪೂರ್ತಿ ಹೆಸರು ಹೇಳಿ, ‘ಒಂದು ಸಣ್ಣ ವಿಷಯ ಸರ್’ ಎಂದು ಶುರುಮಾಡಿ, ಆ ಕಡೆಯವರು ಗೊತ್ತಿಲ್ಲವೆಂದ ಮೇಲೆ ‘ಥ್ಯಾಂಕ್ಯೂ ಸರ್’ ಎಂದು ಮುಗಿಸುತ್ತಿದ್ದ. ಗೊತ್ತಿಲ್ಲ ಅಂದವರಿಗೆ ಯಾಕೆ ಈ ಕೃತಜ್ಞತೆ ಎಂದು ಫೋನ್ ಇಟ್ಟ ಮೇಲೆ ಸಿಟ್ಟು ಬರುತ್ತಿತ್ತು. ಮುಂದಿನ ನಂಬರಿಗೆ ಮತ್ತೆ ಅದೇ ದನಿ ಹೊರಡುತ್ತಿತ್ತು. ಕೆಳಗೆ ಶಿವಾಜಿನಗರದ ಕಡೆ ತಿರುಗುವ ಬಸ್ಸುಗಳು ಒಂದರ ಹಿಂದೊಂದು ನಿಂತು ಹಾರ್ನ್ ಹೊಡೆಯುತ್ತಿದ್ದವು. ಸಣ್ಣ ವಿಷಯ. ಕೆ.ಆರ್. ಪುರದಾಚೆಯ ಸೀಗೆಕುಂಟೆಯಲ್ಲಿ, ಕೆರೆಯಂಚಿನ ಒಂದು ಗೇಟಿಗೆ ಬೀಗ ಬಿದ್ದಿತ್ತು. ಗೇಟಿನೊಳಗೆ ದಲಿತರ ಸ್ಮಶಾನ. ಗೇಟಿನಿಂದ ಈಚೆ, ಕಾಲೊನಿಯ ಕೊನೆಯ ಮನೆಯ ಮುಂದೆ, ಹೆತ್ತ ತಾಯಿ ಸತ್ತ ಮೇಲೆ ಅವನನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಮುನಿಲಕ್ಷ್ಮಮ್ಮನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು.

ಬೆಳಿಗ್ಗೆ ಫೋನ್ ಮಾಡಿದವನು ಅವಳ ಮಗ ಸೂರ್ಯ. ‘ಅಮ್ಮ ಹೋಗ್ಬಿಟ್ಲು ಕಣಣ್ಣ’ ಎಂದಷ್ಟೇ ಹೇಳಿ ಫೋನನ್ನು ಅಪ್ಪನ ಕೈಗೆ ಕೊಟ್ಟಿದ್ದ. ಮಧುಕರ್ ಆಗಲೇ ಚಪ್ಪಲಿ ಮೆಟ್ಟಿದ್ದ, ನೇರ ಊರಿಗೆ ಹೊರಡುವುದಕ್ಕೆ. ದೊಡ್ಡಪ್ಪ ದೊಡ್ಡಮುನಿಯಪ್ಪ ಅಳುತ್ತಿರಲಿಲ್ಲ. ‘ಮದುಕರಾ, ಗೇಟ್ಗೆ ಬೀಗ ಮಡಗವ್ರೆ. ಉಡುಗ್ರು ಒಡ್ದಾಕ್ತೀವಿ ಅಂತವ್ರೆ, ನಾನು ಬ್ಯಾಡ ಅಂದಿವ್ನಿ. ಇಲ್ಲಿ ಅಳಾಕೆ ಬೇಕಾದಷ್ಟು ಜನ ಅವ್ರೆ. ನೀನು ಆ ಆಪೀಸಾಗೇ ಇದ್ದೀಯಲ್ಲಪ್ಪ, ಕೀಲಿ ತಗಂಬಾ.’ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಏನು ಹೇಳುವುದೆಂದು ತಿಳಿಯದೆ, ‘ಆಫೀಸಿಗೆ ಹೋಗಿ ಆಮೇಲೆ ಊರಿಗೆ’ ಎಂದು ಹೇಳಿ ಇಳಿದುಬಿಟ್ಟಿದ್ದ. ಮೆಟ್ಟಿಲಲ್ಲಿ ನೆನಪಾದದ್ದು, ಇವತ್ತು ಆ ಕೆರೆಯಂಚಿನ ಕೆಲಸ ಹಂಚಿಕೊಂಡ ಮೂರೂ ಇಲಾಖೆಯವರು ಒಂದೇ ಮೇಜಿಗೆ ಬಂದು ಕೂರುವ ದಿನ, ತ್ರೈಮಾಸಿಕ ಸಮನ್ವಯ ಸಭೆ ಇರುವ ದಿನ. ಒಳ್ಳೆಯ ದಿನವೇ ಸತ್ತಳು ಎಂದು ಮನಸ್ಸು ಲೆಕ್ಕ ಹಾಕಿಬಿಟ್ಟಿತ್ತು. ಆ ಲೆಕ್ಕಕ್ಕೆ ತಾನೇ ನಾಚಿಕೊಳ್ಳುವಷ್ಟರಲ್ಲಿ ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯಲ್ಲಿ ಆಟೋದವನೊಬ್ಬ ಎಲ್ಲಿಗೆ ಸರ್ ಎಂದು ಕೇಳುತ್ತಿದ್ದ.

ಬೀಗ ಒಡೆಯಬೇಡಿ ಎಂದು ದೊಡ್ಡಪ್ಪ ಯಾಕೆ ಅನ್ನುತ್ತಾನೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದದ್ದೇ ತೊಂದರೆ. ದೊಡ್ಡಪ್ಪನಿಗೆ ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲಿ ಅವನಪ್ಪ ಸತ್ತಾಗ, ಸ್ಮಶಾನದ ದಾರಿಗೆ ಊರಿನವರು ಜಾಲಿಮುಳ್ಳಿನ ಬೇಲಿ ಬಡಿದಿದ್ದರು. ಕತ್ತಲಾಗುವವರೆಗೆ ಕಾದು, ಮುಳ್ಳು ಸರಿಸಿ, ಹೆಣವನ್ನು ಬಗ್ಗಿಕೊಂಡು ಹೊತ್ತುಕೊಂಡು ಹೋಗಿ, ತಮಟೆ ಇಲ್ಲದೆ, ಯಾರೂ ಗಟ್ಟಿಯಾಗಿ ಅಳದೆ ಹೂತು ಬಂದಿದ್ದರು. ಆಮೇಲೆ ಎಷ್ಟೋ ವರ್ಷ ಅಲೆದು, ಅರ್ಜಿ ಕೊಟ್ಟು, ಸರ್ವೆಯವರನ್ನು ಕರೆಸಿ, ಸರ್ಕಾರವೇ ನಾಲ್ಕು ಮೂಲೆಗೂ ಕಲ್ಲು ನೆಟ್ಟ ದಿನ ದೊಡ್ಡಪ್ಪ ವಿಮಾನಪುರದ ಕಾರ್ಖಾನೆಯ ಕ್ಯಾಂಟೀನಿನ ಕೆಲಸಕ್ಕೆ ರಜ ಹಾಕಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ನಿಂತಿದ್ದ. ಆ ಕಲ್ಲುಗಳನ್ನು ಮಧುಕರ್ ಚಿಕ್ಕವನಿದ್ದಾಗ ಹತ್ತಿ ಕುಣಿದಿದ್ದ, ಬೈಸಿಕೊಂಡಿದ್ದ. ಮಧುಕರ್‌ನ ಅಪ್ಪನನ್ನು ಹೂತ ಗುಡ್ಡೆಯೂ ಅಲ್ಲೇ, ಬೇವಿನ ಮರದಿಂದ ಕೆರೆಯ ಕಡೆಗೆ. ಕಳೆದ ವರ್ಷ ‘ಇಲಾಖಾ ಒಗ್ಗೂಡಿಸುವಿಕೆಯ ಮಾದರಿ’ ಒಂದನ್ನು ತುರ್ತಾಗಿ ಗುರುತಿಸಬೇಕೆಂದು ಮೇಲಿನಿಂದ ಬಂದಾಗ, ನೆಲ ನೋಡಿ ಬರುವುದಕ್ಕೆ ಪುರಸೊತ್ತಿಲ್ಲದ ಆ ವಾರದಲ್ಲಿ, ನೋಡದೆಯೂ ಕಣ್ಣಿಗೆ ಕಟ್ಟುವ ಕೆರೆ ಒಂದೇ ಇತ್ತು. ಸೀಗೆಕುಂಟೆಯ ಹೆಸರನ್ನು ಬರೆದವನು ಅವನೇ. ದಾಖಲೆಯಲ್ಲಿ ಅಂಚಿನ ತುಂಡು ‘ಬಿ ಖರಾಬು’ ಎಂದಿತ್ತು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಸಾಗುವಳಿಯಾಗದ ನೆಲ. ಸ್ಮಶಾನ ಎಂದು ಅವನು ಪೆನ್ಸಿಲಿನಲ್ಲಿ ಬರೆದಿದ್ದ. ಅದಕ್ಕೆ ಸಂಬಂಧಿಸಿದ ಇಲಾಖೆಯೊಂದಿತ್ತು. ಆ ಇಲಾಖೆಗೆ ಪತ್ರ ಹೋಯಿತು. ಅಲ್ಲಿಂದ ಉತ್ತರ ಬರುತ್ತದೆ, ಅವರು ಆಕ್ಷೇಪಿಸುತ್ತಾರೆ, ತಾನು ಬಾಯಿ ಬಿಡಬೇಕಾಗುವುದಿಲ್ಲ ಎಂದು ಅವನು ಅಂದುಕೊಂಡಿದ್ದ. ಪತ್ರದ ಕೊನೆಯಲ್ಲಿ ಅವನೇ ರೂಢಿಗೆ ತಂದ ಸಾಲಿತ್ತು: ‘ಏಳು ದಿನಗಳೊಳಗಾಗಿ ಉತ್ತರ ಬಾರದಿದ್ದಲ್ಲಿ ತಮ್ಮ ಸಹಮತಿ ಇದೆಯೆಂದು ಭಾವಿಸಲಾಗುವುದು.’

ಆ ಸಾಲು ಬರುವ ಮೊದಲು ಕೋಶದಲ್ಲಿ ಯಾವ ಕಡತವೂ ಅಲುಗುತ್ತಿರಲಿಲ್ಲ. ಸುಸ್ಥಿರ ಅಭಿವೃದ್ಧಿಯ ಹದಿನೇಳು ಗುರಿಗಳು, ನೂರಾರು ಸೂಚಕಗಳು. ಪ್ರತಿಯೊಂದು ಸೂಚಕಕ್ಕೂ ಒಂದು ಇಲಾಖೆ ಒಡೆಯ, ಉಳಿದವು ಸಹಭಾಗಿ. ಒಡೆಯ ಇಲಾಖೆ ಸಹಭಾಗಿಯ ಉತ್ತರಕ್ಕೆ ಕಾಯುತ್ತಿತ್ತು, ಸಹಭಾಗಿ ಒಡೆಯನ ನಿರ್ದೇಶನಕ್ಕೆ. ಮಧ್ಯೆ ಕೂತ ಮಧುಕರ್ ನೆನಪೋಲೆ, ನೆನಪೋಲೆಗೆ ನೆನಪೋಲೆ ಬರೆಯುತ್ತಿದ್ದ. ಬೇಸತ್ತು ಒಂದು ಮಧ್ಯಾಹ್ನ ಆ ಸಾಲನ್ನು ಸೇರಿಸಿದ್ದ. ಯಾರೂ ಉತ್ತರಿಸಲಿಲ್ಲ, ಮೊದಲೂ ಉತ್ತರಿಸುತ್ತಿರಲಿಲ್ಲ. ಆದರೆ ಈಗ ಆ ಸುಮ್ಮನಿರುವಿಕೆ ಒಪ್ಪಿಗೆಯಾಯಿತು. ಪ್ರಗತಿಯ ಪಟ್ಟಿಯಲ್ಲಿ ಕೆಂಪು ಮನೆಗಳು ಹಳದಿಯಾದವು, ಹಳದಿ ಹಸಿರಾದವು. ಹೆಚ್ಚುವರಿ ಕಾರ್ಯದರ್ಶಿ ಪ್ರಿಯದರ್ಶಿನಿ ಮೇಡಂ ಎಲ್ಲರೆದುರು, ‘ಮಧುಕರ್, ದಿಸ್ ಸೆಂಟೆನ್ಸ್ ಈಸ್ ಗೋಲ್ಡ್’ ಎಂದಿದ್ದರು. ಆ ದಿನ ಅವನು ಮನೆಗೆ ಅರ್ಧ ಕೆಜಿ ಮೈಸೂರುಪಾಕು ಒಯ್ದಿದ್ದ. ಈಗ ಎಲ್ಲ ಇಲಾಖೆಗಳೂ ಒಂದಕ್ಕೊಂದು ಅದೇ ಸಾಲು ಬರೆಯುತ್ತಿದ್ದವು. ಯಾರೂ ಯಾರಿಗೂ ಉತ್ತರಿಸುತ್ತಿರಲಿಲ್ಲ. ಎಲ್ಲರೂ ಎಲ್ಲದಕ್ಕೂ ಒಪ್ಪಿದ್ದರು.

ಸಭೆಯಲ್ಲಿ ಅವನು ಮೊದಲೇ ಕೈಯೆತ್ತಿದ. ‘ಮೇಡಂ, ಸೀಗೆಕುಂಟೆ ಗೇಟ್ ಕೀ ವಿಷಯ ಒಂದಿದೆ. ಸ್ವಲ್ಪ ಅರ್ಜೆಂಟು.’

‘ಅಜೆಂಡಾದಲ್ಲಿ ಇದೆಯಾ?’

‘ಇಲ್ಲ ಮೇಡಂ.’

‘ಹಾಗಾದ್ರೆ ಎನಿ ಅದರ್ ಮ್ಯಾಟರ್‌ನಲ್ಲಿ ತಗೊಳ್ಳೋಣ. ಲಾಸ್ಟ್.’

ಕೊನೆಯವರೆಗೆ ಅವನು ಕಾದ. ಪರದೆಯ ಮೇಲೆ ಬಣ್ಣದ ಮನೆಗಳು ಸರಿಯುತ್ತಿದ್ದವು. ತಿಳಿಹಸಿರು ಮತ್ತು ಗಾಢಹಸಿರಿನ ನಡುವೆ ಮತ್ತೊಂದು ಹಸಿರು ಬೇಕೇ ಎಂಬ ಚರ್ಚೆ ಟೀ ಬಂದು ಲೋಟಗಳು ಖಾಲಿಯಾಗುವವರೆಗೆ ನಡೆಯಿತು. ಹೊರಗೆ ಬಿಸಿಲು ಏರುತ್ತಿತ್ತು. ಬಿಸಿಲಿಗೆ ಹೆಣ ಎಷ್ಟು ಹೊತ್ತು ತಡೆಯುತ್ತದೆ ಎಂದು ಲೆಕ್ಕ ಹಾಕುವುದನ್ನು ಅವನು ಬಿಡಬೇಕೆಂದುಕೊಂಡ, ಬಿಡಲಾಗಲಿಲ್ಲ. ಐಸ್ ಪೆಟ್ಟಿಗೆ ತರಿಸಿರಬಹುದು. ಕಾಲೊನಿಯ ಕೊನೆಯ ಮನೆಗೆ ಮಧ್ಯಾಹ್ನ ಕರೆಂಟು ಇರುತ್ತದೋ ಇಲ್ಲವೋ. ಸೀಗೆಕುಂಟೆಯ ಸ್ಲೈಡು ಬಂದಾಗ ಪ್ರಿಯದರ್ಶಿನಿ ಮೇಡಂ ಕನ್ನಡಕ ಸರಿಪಡಿಸಿಕೊಂಡರು. ‘ಒಂದೇ ಜಾಗ ನೀರಿನ ಗುರಿಯಲ್ಲೂ ಇದೆ, ಹಸಿರಿನ ಗುರಿಯಲ್ಲೂ ಇದೆ, ಸೋಲಾರ್‌ನಲ್ಲೂ ಇದೆ. ಡಬಲ್ ಕೌಂಟಿಂಗ್ ಅನ್ನಲ್ವಾ ಇದನ್ನ?’

‘ಡಬಲ್ ಅಲ್ರೀ ಮೇಡಂ, ತ್ರಿಬಲ್’ ಎಂದ ಹಂಪಣ್ಣ, ಕೆರೆ ವಿಭಾಗದ ಎಂಜಿನಿಯರು, ರಾಯಚೂರಿನ ಕಡೆಯವನು. ‘ಬ್ಯಾರೆ ಬ್ಯಾರೆ ಬರದ್ರ ತಪ್ಪು. ಕನ್ವರ್ಜೆನ್ಸ್ ಅಂತ ಒಂದ ಕಡೆ ಬರದ್ರ ಸಾಧನಾ.’

ಎಲ್ಲರೂ ನಕ್ಕರು. ಮಧುಕರ್ ಕೂಡ ನಕ್ಕ. ನಗು ತಾನಾಗಿ ಬಂದದ್ದು, ತಡೆಯುವಷ್ಟರಲ್ಲಿ ಮುಗಿದಿತ್ತು. ಗಲ್ಲದ ಮೇಲೆ ಅದು ಇನ್ನೂ ಅಂಟಿಕೊಂಡಿದೆ ಅನ್ನಿಸಿ ಕರವಸ್ತ್ರದಿಂದ ಮುಖ ಒರೆಸಿಕೊಂಡ.

ಕೀಲಿಯ ಸರದಿ ಬಂದಾಗ ಇಬ್ಬರು ಆಗಲೇ ಲ್ಯಾಪ್‌ಟಾಪ್ ಮುಚ್ಚಿದ್ದರು. ಅವನು ನಿಂತುಕೊಂಡು ಹೇಳಿದ. ನಿಲ್ಲಬೇಕಾಗಿರಲಿಲ್ಲ.

‘ಬೇಲಿ ನಮ್ಮದು’ ಎಂದ ಹಂಪಣ್ಣ. ‘ಬೇಲಿ ಹಾಕೀವಿ, ಬಿಲ್ಲೂ ಆಗ್ಯಾದ. ಗೇಟು ನಮ್ಮ ಎಸ್ಟಿಮೇಟ್‌ನಾಗ ಇಲ್ಲೇ ಇಲ್ಲ ನೋಡ್ರಿ.’

ಹಸಿರು ಹೊದಿಕೆ ವಿಭಾಗದ ಭವ್ಯ ಫೋನ್ ನೋಡುತ್ತಿದ್ದವಳು ತಲೆಯೆತ್ತಿದಳು. ‘ಗೇಟ್ ನಮ್ದೇ ಸರ್. ಆದ್ರೆ ಗೇಟ್ ಅಂದ್ರೆ ಗೇಟ್ ಅಷ್ಟೇ. ಲಾಕ್ ಸೋಲಾರ್‌ನೋರು ಹಾಕಿರೋದು, ಪ್ಯಾನೆಲ್ ಇಳಿಸಿದಾರಲ್ಲ, ಕಳ್ಳತನ ಆಗ್ಬಾರ್ದು ಅಂತ. ನಮ್ಮ ಕಂಟ್ರ್ಯಾಕ್ಟರ್ ಗಿಡಕ್ಕೆ ಗುಂಡಿ ತೋಡಿಸೋಕೆ ಹೋದಾಗ ಅವರ ಹತ್ರಾನೇ ಒಂದು ಕೀ ಇಸ್ಕೊಂಡಿದ್ದ. ಈಗ ಅದು ಯಾವ ಮೇಸ್ತ್ರಿ ಹತ್ರ ಇದ್ಯೋ. ನಾಳೆ ಸಸಿ ಬರುತ್ತೆ, ಅಷ್ಟೊತ್ತಿಗೆ ಹುಡುಕಿಸ್ತೀನಿ.’

ಸೌರಶಕ್ತಿ ಘಟಕದ ಕುರ್ಚಿಯಲ್ಲಿ ಅಧಿಕಾರಿಯ ಬದಲು ಬಂದ ಕಿರಿಯ ಸಹಾಯಕನೊಬ್ಬ ಕೂತಿದ್ದ. ಎಲ್ಲರೂ ತನ್ನ ಕಡೆ ನೋಡಿದಾಗ ಅವನ ಕಿವಿ ಕೆಂಪಾಯಿತು. ‘ಸಾಹೇಬ್ರು ಡೆಲ್ಲಿಗೆ ಹೋಗಿದಾರೆ ಮೇಡಂ. ಹೋಗಿ ಕೂತು ನೋಟ್ಸ್ ತಗೊಂಡು ಬಾ ಅಂದ್ರು. ಉತ್ತರ ಕೊಡು ಅಂತ ಹೇಳಿಲ್ಲ.’

ಮತ್ತೆ ನಗು. ಆ ಹುಡುಗನ ಮೇಲೆ ಮಧುಕರ್‌ಗೆ ಸಿಟ್ಟು ಬರಲಿಲ್ಲ. ಅವನ ಕಿವಿಯ ಕೆಂಪು ತನ್ನದೇ ಅನ್ನಿಸಿತು.

‘ಅಲ್ಲಿ ಬರಿಯಲ್ ಗ್ರೌಂಡ್ ಇದೆ ಅಂತ ಯಾಕೆ ಮೊದಲೇ ಯಾರೂ ಹೇಳ್ಲಿಲ್ಲ?’ ಎಂದರು ಪ್ರಿಯದರ್ಶಿನಿ ಮೇಡಂ. ಗದರಿಕೆಯೇನೂ ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳುವ ದನಿ.

‘ಸಂಬಂಧಪಟ್ಟ ಇಲಾಖೆಗೆ ಬರೆದಿದ್ವಿ ಮೇಡಂ. ಉತ್ತರ ಬರ್ಲಿಲ್ಲ. ಸಹಮತಿ ಅಂತ ತಗೊಂಡ್ವಿ.’

‘ತಗೊಂಡಿದ್ದು?’

‘ನಾವೇ ಮೇಡಂ.’

‘ಸರಿ. ಇವತ್ತೇ ಯಾಕೆ ಅರ್ಜೆಂಟು?’

‘ಒಂದು ಬಾಡಿ ಇದೆ ಮೇಡಂ.’

ಹಂಪಣ್ಣ ಮುಂದಕ್ಕೆ ಬಾಗಿ, ಮೃದುವಾಗಿಯೇ, ‘ಯಾರ್ದ್ರೀ ಪಾಪ?’ ಎಂದ.

ಎರಡು ಪದ ಸಾಕಾಗಿತ್ತು. ನಮ್ಮ ದೊಡ್ಡಮ್ಮ. ನಾಲಿಗೆಯ ಮೇಲೆ ಅವು ಬಂದು ಕೂತಿದ್ದವು. ಇಲ್ಲಿರುವವರಿಗೆಲ್ಲ ಅವನ ಜಾತಿ ಗೊತ್ತೇ ಇತ್ತು, ನೇಮಕಾತಿ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಅಚ್ಚಾಗಿತ್ತು, ಬಡ್ತಿಯ ಪಟ್ಟಿಯಲ್ಲಿ ಪ್ರತಿ ಸಲ ಅಚ್ಚಾಗುತ್ತಿತ್ತು; ಅಡಗಿಸುವುದಕ್ಕೆ ಏನೂ ಇರಲಿಲ್ಲ. ಆದರೂ ಪಟ್ಟಿಯಲ್ಲಿರುವುದು ಬೇರೆ, ಈ ಮೇಜಿನ ಮುಂದೆ ನಿಂತು, ಪರದೆಯ ಮೇಲಿನ ಹಸಿರು ಮನೆಯ ಕೆಳಗೆ ನಮ್ಮವರ ಎಲುಬುಗಳಿವೆ, ಅದನ್ನು ಹಸಿರು ಮಾಡಿದವನು ನಾನು ಅನ್ನುವುದು ಬೇರೆ. ಅವರು ಎದ್ದು ನಿಂತು ಸಂತಾಪ ಹೇಳುತ್ತಾರೆ. ಕಾರು ಕೊಡಲೇ ಎನ್ನುತ್ತಾರೆ. ಆಮೇಲೆ ಕ್ಯಾಂಟೀನಿನಲ್ಲಿ, ಪಾಪ, ಅವರದೇ ಸ್ಮಶಾನವಂತೆ, ಅವನೇ ಬರೆದದ್ದಂತೆ ಎಂದು ದನಿ ತಗ್ಗಿಸಿ ಮಾತಾಡುತ್ತಾರೆ.

‘ಊರಿನವರೊಬ್ಬರದು ಸರ್’ ಎಂದ.

‘ಓಕೆ’ ಎಂದರು ಮೇಡಂ. ‘ಮಾನವೀಯವಾಗಿ ನೋಡ್ಬೇಕು ಇದನ್ನ. ಮೂರೂ ಇಲಾಖೆಗಳು ಪರಸ್ಪರ ಸಮನ್ವಯ ಸಾಧಿಸಿ ಕೀಲಿಯ ಬಗ್ಗೆ ಕ್ರಮ ತಗೊಳ್ಳೋದು. ಕ್ರಮ ಯಾರದು, ಸಮನ್ವಯ ಕೋಶದ್ದು. ಮಧುಕರ್, ನೀವೇ ಫಾಲೋ ಅಪ್ ಮಾಡಿ. ಆಯ್ತಲ್ಲ?’

ಅವನು ಏನೂ ಹೇಳಲಿಲ್ಲ. ನಡಾವಳಿ ಬರೆಯುವವರು ತಲೆಯಾಡಿಸಿ ಬರೆದುಕೊಂಡರು.

ಶಿವಾಜಿನಗರದ ಕಡೆಗೆ ನಡೆಯುವಾಗ ಅವನಿಗೆ ದೊಡ್ಡಮ್ಮನ ಮಾತು ನೆನಪಾಗಲಿಲ್ಲ, ಮಾತಾಡದೆ ಇದ್ದದ್ದೇ ನೆನಪಾಗುತ್ತಿತ್ತು. ಮಾತಿಗೆ ಅವಳೇನೂ ಕಡಿಮೆಯವಳಲ್ಲ. ನಲ್ಲಿಯ ಮುಂದೆ ಅವಳು ಬಾಯಿ ತೆಗೆದರೆ ಬಿಂದಿಗೆಗಳು ತಾವಾಗಿ ಸಾಲಾಗುತ್ತಿದ್ದವು. ಒಪ್ಪದಿದ್ದಾಗ ಮಾತ್ರ ಸುಮ್ಮನಾಗುತ್ತಿದ್ದಳು. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಬೆಕ್ಕಿಗೂ ಗೊತ್ತಿತ್ತು. ಹೊಸ ತಿಪ್ಪಸಂದ್ರದ ಮನೆಯ ಗೃಹಪ್ರವೇಶಕ್ಕೆ ಕರೆಯಲು ಹೋದಾಗ ಅವಳು ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ‘ಶುಕ್ರವಾರ ಆಫೀಸಿನೋರು ಬರ್ತಾರೆ ದೊಡ್ಡಮ್ಮ, ಜಾಗ ಚಿಕ್ಕದು, ನೀವೆಲ್ಲ ಭಾನುವಾರ ಬಂದ್ಬಿಡಿ, ಆರಾಮಾಗಿ ಇರ್ಬೋದು’ ಅಂದಿದ್ದ. ಅವಳು ಕಾಯಿ ಸುಲಿಯುತ್ತಲೇ ಇದ್ದಳು. ಉಗುರಿನಿಂದ ಸಿಪ್ಪೆ ಸೀಳುವ ಸದ್ದು, ಬಟ್ಟಲಿಗೆ ಕಾಳು ಬೀಳುವ ಸದ್ದು. ‘ಆಯ್ತಾ ದೊಡ್ಡಮ್ಮ?’ ಎಂದು ಇನ್ನೊಮ್ಮೆ ಕೇಳಿ, ಸ್ವಲ್ಪ ಹೊತ್ತು ನಿಂತು, ಆಯಿತೆಂದು ತಿಳಿದುಕೊಂಡು ಬಂದುಬಿಟ್ಟಿದ್ದ. ಭಾನುವಾರ ಅವಳು ಬಂದಳು, ಎಲ್ಲರನ್ನೂ ಕರೆದುಕೊಂಡು ಬಂದಳು, ಹೊಸ ಸೀರೆ ಉಟ್ಟು ಬಂದಳು. ಹೊಸ್ತಿಲಲ್ಲಿ ಶುಕ್ರವಾರದ ಮಾವಿನ ತೋರಣ ಒಣಗಿತ್ತು. ಅವಳು ಅದನ್ನು ಒಂದು ಸಲ ನೋಡಿ, ಕೈಯಾರೆ ಸುಲಿದು ತಂದಿದ್ದ ಅವರೆಕಾಳಿನ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದಳು. ಆ ತೋರಣ ಕಿತ್ತುಹಾಕಿ ಹೊಸದು ಕಟ್ಟಬೇಕಿತ್ತೆಂದು ಅವನಿಗೆ ಈಗ, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಮೀನಿನ ನೀರು ದಾಟುವಾಗ, ಅನ್ನಿಸಿತು.

ಬೀಗದಂಗಡಿಯ ಮುಂದೆ ನಿಲ್ಲಬೇಕೆಂದು ಯಾವಾಗ ನಿರ್ಧರಿಸಿದನೋ ಅವನಿಗೇ ಗೊತ್ತಿರಲಿಲ್ಲ. ವಾಜಿದ್ ಎಂದು ಬೋರ್ಡಿನಲ್ಲಿ ಬರೆದಿದ್ದ ಅಂಗಡಿಯಲ್ಲಿ ಆ ವಾಜಿದ್‌ನೇ ಇರಬೇಕು, ಬಿಳಿ ಗಡ್ಡದವನು, ಸ್ಟೂಲಿನ ಮೇಲೆ ಕೂತು ಸಮೋಸ ತಿನ್ನುತ್ತಿದ್ದ.

‘ಬೋಲೋ ಸಾಬ್. ಮನೇಗಾ, ಅಂಗಡೀಗಾ?’

‘ಗೇಟ್‌ಗೆ. ದೊಡ್ಡ ಗೇಟು. ಸರ್ಕಾರದ್ದು.’

‘ಸರ್ಕಾರದ್ದಾ? ಹಂಗಾದ್ರೆ ಸಸ್ತಾದ್ದು ತಗೊಳ್ಳಿ, ಯಾರೂ ತೆಗೆಯಲ್ಲ.’ ತಾನೇ ನಕ್ಕು, ಮುದುಕ ಗಾಜಿನ ಕಪಾಟಿನಿಂದ ಹಿತ್ತಾಳೆಯ ಬೀಗವೊಂದನ್ನು ತೆಗೆದ. ‘ಮಜಾಕ್, ಸಾಬ್. ಇದು ತಗೊಳ್ಳಿ. ಮೂರು ಚಾವಿ ಬರುತ್ತೆ. ಒಂದು ನಿಮಗೆ, ಒಂದು ಬೇಗಂಗೆ, ಒಂದು ಕಳ್ಕೊಳ್ಳೋಕೆ.’

ಬೀಗ ಅಂಗೈಯಲ್ಲಿ ತಣ್ಣಗೆ, ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಮೆಟ್ರೋದಲ್ಲಿ ಅದು ಪ್ಯಾಂಟಿನ ಜೇಬು ಜಗ್ಗುತ್ತಿತ್ತು. ಕಬ್ಬನ್ ಪಾರ್ಕ್ ಬಿಟ್ಟ ಮೇಲೆ ರೈಲು ನೆಲದಡಿಯಿಂದ ಮೇಲೇರಿ ಬೆಳಕಿಗೆ ಬಂದಾಗ ಅವನು ಸೂರ್ಯನಿಗೆ ಫೋನ್ ಮಾಡಿದ. ತಪಾಸಣೆಯಲ್ಲಿ ಬೀಗವನ್ನು ಕಂಡ ಸೆಕ್ಯುರಿಟಿಯವಳು ಏನಿದು ಎಂದಾಗ ‘ಮನೆಗೆ’ ಅಂದಿದ್ದ, ಆ ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ಇನ್ನೂ ಯೋಚಿಸುತ್ತಿದ್ದ.

‘ಸಿಕ್ತೇನಣ್ಣ?’

‘ಇಲ್ಲ. ಯಾರ ಹತ್ರಾನೂ ಇಲ್ಲ.’

‘ನಂಗೊತ್ತಿತ್ತು ಬಿಡು. ಅಪ್ಪನ್ನ ಒಪ್ಸು ನೀನು, ಐದು ನಿಮಿಷದಲ್ಲಿ ಒಡ್ದಾಕ್ತೀವಿ. ಇಲ್ಲಿ ಜನ ಎಲ್ಲ ನನ್ನ ಮಕ ನೋಡ್ತಾ ಅವ್ರೆ.’

‘ದೊಡ್ಡಪ್ಪಂಗೆ ಏನೂ ಹೇಳ್ಬೇಡ. ಗ್ರಿಲ್ ಕೆಲಸದ ಸೈಫ್‌ನ ಕರ್ಕೊಂಡು ಹಿಂದುಗಡೆ ದಾರೀಲಿ ಗೇಟ್ ಹತ್ರ ಬಾ. ಹಳೇದು ಕುಯ್ದು ಹೊಸದು ಹಾಕೋಣ. ಕೀಲಿ ನಾನು ತಂದೆ ಅಂತ ಹೇಳೋಣ.’

ಹಲಸೂರು ಬಂತು, ಇಂದಿರಾನಗರ ಬಂತು. ಇಳಿಯುವವರು ಇಳಿದು, ಹತ್ತುವವರು ಹತ್ತಿದರು. ‘ಸಾಯೋವರ್ಗೂ ಗೊತ್ತಾಗ್ಬಾರ್ದು ಅಪ್ಪಂಗೆ’ ಎಂದ ಸೂರ್ಯ ಕೊನೆಗೆ.

ಕೆ.ಆರ್. ಪುರದಿಂದ ಆಟೋ. ಎರಡೂ ಕಡೆ ಎತ್ತರದ ಕಟ್ಟಡಗಳು, ಅವುಗಳ ನಡುವೆ ಗುಲ್ಬರ್ಗ, ಯಾದಗಿರಿ ಕಡೆಯಿಂದ ಬಂದವರ ತಗಡಿನ ಸಾಲುಮನೆಗಳು, ನೀರಿನ ಟ್ಯಾಂಕರು ಕೆಸರು ಮಾಡಿದ ತಿರುವು. ಗೇಟಿನ ಹತ್ತಿರ ಸೈಫ್ ಗರಗಸದ ಬ್ಲೇಡು ಹಿಡಿದು ಆಗಲೇ ಕೂತಿದ್ದ. ಗೇಟಿನ ಪಕ್ಕ ಹೊಸ ಬೋರ್ಡು, ಮೂರು ಬಣ್ಣದ ಚೌಕಗಳಲ್ಲಿ ಮೂರು ಗುರಿಗಳ ಚಿತ್ರ: ಲೋಟದ ನೀರು, ಮರ, ಸೂರ್ಯ. ‘ಇಲಾಖಾ ಒಗ್ಗೂಡಿಸುವಿಕೆಯ ಮಾದರಿ’ ಎಂಬ ಮಾತು ಮಧುಕರ್ ಆಯ್ದದ್ದು. ಇಷ್ಟು ದೊಡ್ಡ ಅಕ್ಷರದಲ್ಲಿ ಅದನ್ನು ನೋಡುತ್ತಿರುವುದು ಇದೇ ಮೊದಲು.

‘ಇದಾ ಗೌರ್ಮೆಂಟ್ ಬೀಗ?’ ಎಂದ ಸೈಫ್ ಬ್ಲೇಡು ಆಡಿಸುತ್ತ. ‘ಬೆಣ್ಣೆ ಕುಯ್ದಂಗೆ ಕುಯ್ತಾ ಐತಲ್ಲ ಗುರು.’

ತುಂಡಾದ ಬೀಗವನ್ನು ಸೂರ್ಯ ಕೆರೆಗೆ ಎಸೆದ. ಹೊಸದನ್ನು ಮಧುಕರ್ ತಾನೇ ಹಾಕಿದ, ಎಳೆದು ನೋಡಿದ, ತೆಗೆದು ನೋಡಿದ, ಮತ್ತೆ ಹಾಕಿದ. ಹಿತ್ತಾಳೆ ತೀರ ಹೊಳೆಯುತ್ತಿದೆ ಅನ್ನಿಸಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಅದರ ಮೈಗೆ ತಿಕ್ಕಿದ. ಸರ್ಕಾರಿ ಬೀಗವೊಂದನ್ನು ಹಳೆಯದಾಗಿಸುವುದಕ್ಕೆ ತನ್ನ ಕೈ ಇಷ್ಟು ಶ್ರದ್ಧೆಯಿಂದ ದುಡಿಯುತ್ತಿರುವುದನ್ನು, ಸೂರ್ಯ ಮತ್ತು ಸೈಫ್ ಮಾತಿಲ್ಲದೆ ನೋಡುತ್ತಿರುವುದನ್ನು ಕಂಡು, ಕೈ ಕೊಡವಿ ಎದ್ದ.

ಮನೆಯ ಮುಂದೆ ತಮಟೆಯವರು ಚರ್ಮ ಕಾಯಿಸಿಕೊಳ್ಳುತ್ತಿದ್ದರು. ಗೋಡೆಯ ಮೇಲೆ ಸೂರ್ಯ ತೂಗುಹಾಕಿದ್ದ ಬುದ್ಧನ ಚಿತ್ರ, ಅದರ ಕೆಳಗೆ, ಗಲ್ಲಕ್ಕೆ ಬಟ್ಟೆ ಕಟ್ಟಿಸಿಕೊಂಡು, ಹಣೆಗೆ ನಾಣ್ಯ ಅಂಟಿಸಿಕೊಂಡು ದೊಡ್ಡಮ್ಮ ಕೂತಿದ್ದಳು. ಮುಚ್ಚಿದ ತುಟಿ ಅವನಿಗೆ ಗುರುತಿನದು. ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಪಾದ ಮುಟ್ಟಿದ. ಬಾಯಲ್ಲಿ ಏನೋ ಹೇಳಬೇಕೆಂದು ಬಂದದ್ದು ‘ಆಯ್ತಾ ದೊಡ್ಡಮ್ಮ’ ಎಂಬ ಮಾತು, ಅದನ್ನು ನುಂಗಿಕೊಂಡ.

‘ಸಿಕ್ತಾ?’ ದೊಡ್ಡಪ್ಪ ತಲೆಯ ಮೇಲೆ ನಿಂತಿದ್ದ.

‘ಸಿಕ್ತು ದೊಡ್ಡಪ್ಪ.’

‘ಯಾರ್‌ತಾವ ಇತ್ತು?’

‘ಮೂರೂ ಇಲಾಖೆಯವರು ಬಂದಿದ್ರು. ಮೀಟಿಂಗ್‌ನಲ್ಲಿ ಕೇಳ್ದೆ. ಕೊಟ್ರು.’

‘ಕೇಳಿದ ತಕ್ಸಣ ಕೊಟ್ರಾ?’

‘ಹ್ಞೂ.’

ಮುದುಕ ಸುತ್ತ ಕೂತಿದ್ದ ಹುಡುಗರ ಕಡೆ ತಿರುಗಿದ. ‘ನೋಡಿದ್ರೇನ್ರಲಾ? ಒಡೀತೀನಿ, ಕಡೀತೀನಿ ಅಂತಿದ್ರಿ. ಕೇಳೋ ತರ ಕೇಳುದ್ರೆ ಕೊಡ್ತಾರೆ.’ ಕೀಲಿಯ ಗೊಂಚಲು ಇಸಿದುಕೊಂಡು ಕಣ್ಣ ಹತ್ತಿರ ಹಿಡಿದು ನೋಡಿದ. ಹೊಸ ಕೀಲಿಗಳು. ಮಣ್ಣು ತಿಕ್ಕುವಾಗ ಇವು ನೆನಪೇ ಆಗಿರಲಿಲ್ಲ. ಮುದುಕ ಪಂಚೆಯ ಮಡಿಕೆ ಸರಿಸಿ ಗೊಂಚಲನ್ನು ಸೊಂಟದ ಉಡಿದಾರಕ್ಕೆ ಕಟ್ಟಿಕೊಂಡ. ಗುಂಡಿ ತೋಡುವವರ ಜೊತೆ ಮೊದಲು ಹೋಗಿ ತಾನೇ ಬಾಗಿಲು ತೆಗೆದು, ಅವರನ್ನು ಒಳಗೆ ಬಿಟ್ಟು, ಮತ್ತೆ ಬೀಗ ಹಾಕಿಕೊಂಡು ಬಂದ. ಯಾಕೆ ಮತ್ತೆ ಹಾಕಿದೆ ಎಂದು ಸೂರ್ಯ ಕೇಳಿದ್ದಕ್ಕೆ, ‘ಅವಳು ಬಂದಾಗ ತಗೀಬೇಕಲ್ಲ’ ಎಂದ.

ಬಿಸಿಲು ಇಳಿಯುವ ಹೊತ್ತಿಗೆ ಅವಳನ್ನು ಎತ್ತಿದರು. ತಮಟೆ ರಸ್ತೆಯುದ್ದಕ್ಕೂ ಬಡಿಯಿತು, ಟ್ಯಾಂಕರು ನಿಂತಿತು, ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಜನ ಬಂದು ನಿಂತರು. ಗೇಟಿನ ಮುಂದೆ ಚಟ್ಟ ಹೊತ್ತವರೆಲ್ಲ ನಿಂತರು. ಮಧುಕರ್‌ನ ಹೆಗಲು ಉರಿಯುತ್ತಿತ್ತು. ದೊಡ್ಡಪ್ಪ ನಿಧಾನವಾಗಿ, ಎಲ್ಲರಿಗೂ ಕಾಣುವಂತೆ, ಉಡಿದಾರದಿಂದ ಕೀಲಿ ಬಿಚ್ಚಿ ಬೀಗ ತೆಗೆದ. ಅಂಗಡಿಯ ಎಣ್ಣೆ ಇನ್ನೂ ಒಣಗದ ಬೀಗ ಸದ್ದಿಲ್ಲದೆ ತೆರೆದುಕೊಂಡಿತು. ಗೇಟಿನ ಎರಡೂ ಬಾಗಿಲನ್ನು ಪೂರ್ತಿ, ಬೇಲಿಗೆ ತಾಗುವವರೆಗೆ ತಳ್ಳಿ, ಮದುವೆಮನೆಯಲ್ಲಿ ನಿಂತು ಕರೆಯುವವನಂತೆ ಬದಿಗೆ ನಿಂತು, ‘ಬನ್ನಿ’ ಎಂದ.

ಒಳಗೆ ಸಸಿಗಾಗಿ ತೋಡಿದ ಗುಂಡಿಗಳು ಸಾಲಾಗಿ ಹೋಗಿದ್ದವು. ಒಂದು ಸಾಲು ಮಧುಕರ್‌ನ ಅಪ್ಪನ ಗುಡ್ಡೆಯನ್ನು ಅಂಚಿನಲ್ಲಿ ಕಡಿದು ಮುಂದಕ್ಕೆ ಹೋಗಿತ್ತು. ಯಾರೋ ಹಿಂದಿನಿಂದ, ‘ನಮಗೆಲ್ಲ ಅಡ್ವಾನ್ಸಾಗಿ ತೋಡಿ ಮಡಗವ್ರೆ ಕಣ್ರಲಾ’ ಎಂದ. ಅಳುತ್ತಿದ್ದವರಲ್ಲೂ ಒಬ್ಬಿಬ್ಬರು ನಕ್ಕರು. ಸೂರ್ಯ ಮತ್ತವನ ಗೆಳೆಯರು ಬುದ್ಧವಂದನೆ ಹೇಳಿದರು, ಹೆಂಗಸರು ತಮ್ಮ ಹಾಡು ಹೇಳಿದರು, ಎರಡೂ ಒಂದರೊಳಗೊಂದು ಬೆರೆತವು. ಮಧುಕರ್ ಮೂರು ಹಿಡಿ ಮಣ್ಣು ಹಾಕಿದ. ಬೀಗಕ್ಕೆ ತಿಕ್ಕಿದ್ದೂ ಇದೇ ಮಣ್ಣು.

ಜನ ಕೈಕಾಲು ತೊಳೆಯಲು ಹೊರಟಾಗ ಫೋನ್ ನಡುಗಿತು. ಭವ್ಯ.

‘ಸರ್, ಸಾರಿ, ಡಿಸ್ಟರ್ಬ್ ಮಾಡ್ದೆ. ನಮ್ಮ ಮೇಸ್ತ್ರಿ ಕೀ ಹುಡುಕಿದ್ದ ಸರ್, ತಗೊಂಡು ಹೋದ್ರೆ ಅದು ಬೀಗಕ್ಕೆ ಆಗ್ತಾನೇ ಇಲ್ವಂತೆ. ಗೇಟ್ ತೆಗೆದು ಒಳಗೆ ಜನ ಇದಾರಂತೆ, ಯಾರನ್ನೋ ಹೂಳ್ತಿದಾರಂತೆ. ಅವ್ನು ಹೆದರ್ಕೊಂಡು ರಸ್ತೇಲೇ ನಿಂತಿದಾನೆ. ನಾಳೆ ಸಸಿ ಬರುತ್ತೆ ಸರ್, ರಿಪೋರ್ಟಲ್ಲಿ ನೆಟ್ಟಾಗಿದೆ ಅಂತ ಕೊಟ್ಬಿಟ್ಟಿದ್ದೀವಿ. ಯಾರ್ದು ಸರ್ ಅದು? ಹೊಸ ಕೀ ಯಾರ ಹತ್ರ ಇದೆ?’

ಪರಿಶೀಲಿಸಿ ತಿಳಿಸ್ತೀನಿ. ಪತ್ರ ಕಳಿಸಿ. ಊರಿನವರೊಬ್ಬರದು. ಬೇಕಾದ ಮಾತುಗಳೆಲ್ಲ ಬಾಯಲ್ಲಿ ಸಿದ್ಧವಾಗಿದ್ದವು, ಬೆಳಿಗ್ಗೆಯ ಅದೇ ವಿನಯದ ದನಿಯಲ್ಲಿ. ಗೇಟಿನ ಹೊರಗೆ ಬೈಕಿನ ಪಕ್ಕ ನಿಂತಿದ್ದ ಮೇಸ್ತ್ರಿ ಅವನಿಗೆ ಕಾಣುತ್ತಿದ್ದ, ಕೈಯಲ್ಲಿ ಯಾವ ಬೀಗಕ್ಕೂ ಆಗದ ಕೀಲಿ.

‘ನಮ್ಮ ದೊಡ್ಡಮ್ಮನದು ಭವ್ಯ’ ಎಂದ. ‘ನಾನೂ ಇಲ್ಲೇ ಇದ್ದೀನಿ. ಕೀಲಿ ನಮ್ಮ ದೊಡ್ಡಪ್ಪನ ಹತ್ರ ಇದೆ.’

ದೊಡ್ಡಪ್ಪ ಗೇಟಿನ ಒಂದು ಬಾಗಿಲು ಹಿಡಿದು, ಕೊನೆಯವನು ಹೊರಬರಲಿ ಎಂದು ಕಾಯುತ್ತಿದ್ದ. ‘ಆಪೀಸ್ನೋರೇನಪ್ಪ?’ ಎಂದ.

‘ಹ್ಞೂ ದೊಡ್ಡಪ್ಪ.’

‘ಕೀಲಿ ಕೊಟ್ಟೋರಾ?’

ಮುದುಕ ಉತ್ತರಕ್ಕೆ ಕಾಯಲಿಲ್ಲ, ಮಣ್ಣಾದ ಎರಡು ಕೈಗಳನ್ನೂ ಎತ್ತಿ, ಫೋನಿಗೇ ಕಾಣುವುದೇನೋ ಎಂಬಂತೆ ಅದರ ಕಡೆಗೆ ಮುಗಿದ. ‘ದೊಡ್ಡ ಉಪಕಾರ ಆಯ್ತು ಅನ್ನು. ಎಲ್ರಿಗೂ ನನ್ನ ನಮಸ್ಕಾರ ಅಂತ ಹೇಳು.’

‘ನಮ್ಮ ದೊಡ್ಡಪ್ಪ ನಿಮಗೆಲ್ಲ ನಮಸ್ಕಾರ ಹೇಳ್ತಿದ್ದಾರೆ’ ಎಂದ ಮಧುಕರ್ ಫೋನಿಗೆ.

ಭವ್ಯ ಏನೂ ಹೇಳಲಿಲ್ಲ. ಫೋನ್ ಇಟ್ಟಿರಲಿಲ್ಲ, ಅವಳ ಹಿಂದೆ ಆಫೀಸಿನ ಫ್ಯಾನು ತಿರುಗುವುದು ಕೇಳಿಸುತ್ತಿತ್ತು. ಆ ಸುಮ್ಮನಿರುವಿಕೆಯನ್ನು ಏನೆಂದೂ ಭಾವಿಸದೆ, ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ಅವನು ಉತ್ತರಕ್ಕೆ ಕಾಯುತ್ತ ನಿಂತ.